ಮಸ್ಕಿ ಮಿಂಚು

"ಶಾಕೀರ್ ಅಂತ ಯಾವನೋ ಒಬ್ಬಾಂವ," ಎಂದರು ಅಮರಗುಂಡಪ್ಪ. "ಅವನ ಮಾತಿಗೆ ನಮ್ಮ ಹುಡುಗಿ ಎರಡು ದಿನ ಉಂಡಿಲ್ಲವ್ವ."

ಮಾಹಿರಾಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಎತ್ತಿಕೊಳ್ಳುವ ನೆಪದಲ್ಲಿ ಕೌಂಟರಿನ ಕೆಳಗೆ ಬಗ್ಗಿದಳು. ಮತ್ತೆ ಮೇಲೇಳಲು ಮನಸ್ಸಾಗಲಿಲ್ಲ.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಆ ಕಂಪ್ಯೂಟರ್ ಅಂಗಡಿ ಅವಳದು. ಅಮರಗುಂಡಪ್ಪ ಮಸ್ಕಿಯ ಹತ್ತಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಮಡಿಕೆ ಕೆಡದ ಬಿಳಿ ಧೋತರ. ಮೊಮ್ಮಗಳು ದಾನೇಶ್ವರಿಗೆ ಆಟದ ಕಂಪ್ಯೂಟರ್ ಕಟ್ಟಿಸಬೇಕೆಂದು ಬೆಳಗಿನ ಬಸ್ಸಿಗೇ ಬಂದು ಕೂತಿದ್ದರು. ನಲವತ್ತೈದು ಸಾವಿರದೊಳಗೆ ಎಲ್ಲ ಮುಗಿಯಬೇಕು.

"ಹುಡುಗೀನ ಕರಕೊಂಡು ಬರಬೇಕಿತ್ತಲ್ರಿ ಕಾಕಾರ," ಎಂದಳು, ಎದ್ದು ನಿಂತು.

"ನಾಚಿಕಿ. ಆಟ ಆಡತೀನಂತ ಮಂದಿ ಮುಂದ ಹೇಳಾಕ ನಾಚಿಕಿ."

ವಾರದ ಹಿಂದೆ ಲಿಂಗಸುಗೂರಿನ ತಂಡದ ಮೇಲೆ ಆನ್‌ಲೈನ್ ಪಂದ್ಯವಿತ್ತು. ಇನ್ನರ್ಧ ನಿಮಿಷ ನಿಂತಿದ್ದರೆ ಗೆಲುವು. ಅಷ್ಟರಲ್ಲಿ 'ಮಸ್ಕಿ ಮಿಂಚು' ಎಂಬ ಹೆಸರಿನಲ್ಲಿ ಆಡುತ್ತಿದ್ದವರ ಕಂಪ್ಯೂಟರ್ ಗಕ್ಕನೆ ನಿಂತುಬಿಟ್ಟಿತು. ತಂಡ ಸೋತಿತು. ಮಿಂಚು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆಯೂ ದನಿ ಕೇಳಿಸಿದ್ದಿಲ್ಲ, ಎಲ್ಲ ಬರೆದೇ ಮಾತು. ತಂಡದ ನಾಯಕ ಶಾಕೀರ್ ಎಲ್ಲರೂ ಓದುವಂತೆ ಬರೆದ: 'ಆ ತುಕ್ಕು ಡಬ್ಬಿ ತಿಪ್ಪಿಗೆ ಒಗಿ. ಅದರ ಜೊತಿ ನೀನೂ ಹೋಗು.' ಮರುಗಳಿಗೆ ಮಿಂಚನ್ನು ತಂಡದಿಂದ ತೆಗೆದೂ ಹಾಕಿದ.

ಆ ಶಾಕೀರ್ ಮಾಹಿರಾಳೇ.

ಅದು ಅವಳ ತಮ್ಮನ ಹೆಸರು. ಹೆಣ್ಣಿನ ಹೆಸರು ಕಂಡರೆ ಆಟದಲ್ಲಿ ಹೀಯಾಳಿಸುವವರೇ ಹೆಚ್ಚೆಂದು ಅದರ ಹಿಂದೆ ಅಡಗಿಕೊಂಡಿದ್ದಳು. ಯಾವ ಮಾತಿಗೆ ಹೆದರಿ ಅಡಗಿದ್ದಳೋ, ಅದಕ್ಕಿಂತ ಕೆಟ್ಟ ಮಾತನ್ನು ಇನ್ನೊಬ್ಬ ಹುಡುಗಿಗೆ ತಾನೇ ಆಡಿದ್ದಳು.

"ಬಣ್ಣದ ದೀಪ ಇರೋ ಕ್ಯಾಬಿನೆಟ್ ತೋರಸಲೇನ್ರಿ? ಹುಡುಗ್ಯಾರಿಗೆ ಸೇರತೈತಿ."

"ದೀಪ ಬ್ಯಾಡವ್ವ, ದೀವಳಗಿ ಅಲ್ಲ. ಆ ರೊಕ್ಕಾನೂ ಗ್ರಾಫಿಕ್ಸ್ ಕಾರ್ಡಿಗೆ ಹಾಕು. ಪವರ್ ಸಪ್ಲೈ ಮಾತ್ರ ಗಟ್ಟೀದು ಇರಲಿ, ನಮ್ಮೂರ ಕರೆಂಟ್ ನಂಬಂಗಿಲ್ಲ. ಕೀಬೋರ್ಡಿನ ಅಕ್ಷರ ದೊಡ್ಡವಿರಲಿ. ಸಪ್ಪಳ ಆಗಬಾರದು. ಮಧ್ಯಾಹ್ನ ಮನ್ಯಾಗ ಎಲ್ಲಾರೂ ಮಲಗಿರತಾರ."

ಹುಡುಗಿ ಎಲ್ಲವನ್ನೂ ಅಜ್ಜನಿಗೆ ಬಾಯಿಪಾಠ ಮಾಡಿಸಿ ಕಳಿಸಿದ್ದಾಳೆ. ಎಷ್ಟು ಆಸೆಪಟ್ಟಿರಬೇಕು!

ಪ್ರೊಸೆಸರ್, ಮದರ್‌ಬೋರ್ಡ್, ಹದಿನಾರು ಜಿಬಿ ರ‍್ಯಾಮ್. ಒಂದೊಂದೇ ಆರಿಸಿಟ್ಟಳು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲಲಿಲ್ಲ. ಉಳಿದದ್ದರಲ್ಲಿ ಬರುವ ಕಾರ್ಡು ಹಾಕಿದರೆ ಮುಂದಿನ ಪಂದ್ಯದಲ್ಲೂ ಅದೇ ಗತಿ. ಅವಳು ಒಳಗೆ ಹೋದಳು. ಆರು ತಿಂಗಳಿಂದ ಕಾದು ತನಗೆಂದು ತರಿಸಿಕೊಂಡಿದ್ದ ಕಾರ್ಡನ್ನು ತಂದು ಕೌಂಟರಿನ ಮೇಲಿಟ್ಟಳು. ಇನ್ನೂ ಸೀಲು ಒಡೆದಿರಲಿಲ್ಲ.

ಅಮರಗುಂಡಪ್ಪ ಪೆಟ್ಟಿಗೆಯನ್ನು ತಿರುವಿ, ನಂಬರು ಓದಿ, ಕಣ್ಣು ಕಿರಿದು ಮಾಡಿದರು. "ಇದು ಇಷ್ಟಕ್ಕ ಹೆಂಗ ಬರತೈತಿ?"

"ಆಫರ್ ಐತ್ರಿ."

"ಯಾರದರ ಪಾಲಿಂದು ಕಸಗೊಂಡಂಗ ಆಗಬಾರದವ್ವ."

"ಇಲ್ರಿ. ಸಲ್ಲಬೇಕಾದವರಿಗೇ ಸಲ್ಲಾಕತ್ತೈತಿ."

ಮಧ್ಯಾಹ್ನದ ಹೊತ್ತಿಗೆ ಜೋಡಣೆ ಮುಗಿದು ಪರದೆ ಬೆಳಗಿತು. ಅಮರಗುಂಡಪ್ಪನವರ ಮುಖವೂ ಬೆಳಗಿತು. ಅಷ್ಟಾದರೂ ಮಾಹಿರಾಳ ಎದೆಯ ಭಾರ ಇಳಿಯಲಿಲ್ಲ. ತಪ್ಪಾಯಿತು ಎನ್ನುವ ಧೈರ್ಯವಿಲ್ಲದೆ ವಸ್ತು ಕೊಟ್ಟು ಜಾರಿಕೊಳ್ಳುತ್ತಿದ್ದೇನೆ ಅನ್ನಿಸಿತು.

"ನೀ ಭಾಳ ಒಳ್ಳೇಕಿ," ಎಂದರು ಅವರು. "ಆ ಶಾಕೀರಗ ನಿನ್ನಂಥಾ ಅಕ್ಕ ಒಬ್ಬಾಕಿ ಇದ್ದಿದ್ರ, ಹಂಗ ಮಾತಾಡತಿದ್ದಿಲ್ಲ ನೋಡು."

ಇನ್ನು ತಡೆಯಲಾಗಲಿಲ್ಲ. ರಟ್ಟಿನ ಪೆಟ್ಟಿಗೆ ತರುತ್ತೇನೆಂದು ಹೇಳಿ ಒಳಕೋಣೆಯ ಪರದೆ ಸರಿಸಿ ಹೋದಳು. ಫೋನ್ ತೆಗೆದಳು. ಆಟದ ಚಾಟ್ ತೆರೆದು ಮಿಂಚಿಗೆ ಬರೆದಳು:

'ಮಿಂಚು, ನಾ ಶಾಕೀರ್ ಅಲ್ಲ. ನಾನೂ ನಿನ್ನಂಗ ಹುಡುಗಿ. ಅವತ್ತು ನಾ ಅಂದದ್ದು ತಪ್ಪಾತು. ವಾಪಸ್ ಬಾ.'

ದಾನೇಶ್ವರಿ ಮಸ್ಕಿಯ ಮನೆಯಲ್ಲಿ ಕೂತು ಇದನ್ನು ಓದುವುದನ್ನು ಊಹಿಸಿಕೊಳ್ಳುತ್ತ ಕಳಿಸಿಬಿಟ್ಟಳು.

ಹೊರಗೆ ಅಮರಗುಂಡಪ್ಪನವರ ಅಂಗಿಯ ಜೇಬು ಟಿಂಗ್ ಎಂದಿತು.

ಮಾಹಿರಾ ಪರದೆಯ ಸಂದಿಯಿಂದ ನೋಡಿದಳು. ಅವರು ಫೋನ್ ತೆಗೆದು, ಮೂಗಿಗೆ ಚಾಳೀಸು ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ತಲೆಯೆತ್ತಿ ಒಳಕೋಣೆಯ ಕಡೆ ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಎರಡೂ ಹೆಬ್ಬೆರಳು ಮೊಬೈಲಿನ ಮೇಲೆ ಸರಸರ ಓಡಿದವು.

ಅವಳ ಕೈಯಲ್ಲಿದ್ದ ಫೋನ್ ಬೆಳಗಿತು: 'ನಾ ಹುಡುಗಿ ಅಲ್ಲ ತಂಗಿ, ನನಗ ಅರವತ್ತೆಂಟು. ನೀ ಯಾರ ಮುಂದೂ ಹೇಳಬ್ಯಾಡ, ನಾನೂ ಹೇಳಂಗಿಲ್ಲ.'