ಬ್ರೇಕಿನ ಹದ

ರುದ್ರಮುನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವನ ಹಳೆಯ ಪಿಕಪ್ ಗಾಡಿ ವರ್ಷವಿಡೀ ಶೆಡ್ಡಿನಲ್ಲೇ ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅವನಲ್ಲದೆ ಇನ್ನಾರೂ ಅದನ್ನು ಓಡಿಸಿರಲಿಲ್ಲ. ಒಂದು ದಿನ ಹೆಂಡತಿ ವಿಮಲಾಕ್ಷಿ ಅವನನ್ನು ಒಂದು ಮಾತೂ ಕೇಳದೆ ಅದನ್ನು ಮೆಕ್ಯಾನಿಕ್ ದಯಾನಂದನ ಗ್ಯಾರೇಜಿಗೆ ಎಳೆಸಿಕೊಂಡು ಹೋದಳು.

“ಏನ್ ಮಾಡಿಸ್ತಿದೀಯ ಅದಕ್ಕೆ?” ಅವಳು ಮನೆಗೆ ಮರಳಿದಾಗ ರುದ್ರಮುನಿ ಕೇಳಿದ.

“ಡಿಸ್ಕ್ ಬ್ರೇಕ್ ಹಾಕಿಸ್ತಿದೀನಿ.”

“ಓಡಿಸೋರು ಯಾರು?”

“ಇದಾರೆ ಬಿಡಿ, ಓಡಿಸೋರು,” ಎಂದು ನಕ್ಕು ಒಳಗೆ ಹೋದಳು.

ಆ ನಗು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ದಿನವೂ ಮಧ್ಯಾಹ್ನ ಅವಳು ಗ್ಯಾರೇಜಿಗೆ ಹೋಗಿ, ಸೀರೆಯ ಅಂಚಿಗೆ ಗ್ರೀಸು ಮೆತ್ತಿಸಿಕೊಂಡು ಬರುವಳು. ಊಟಕ್ಕೆ ಕೂತರೆ ದಯಾನಂದ ಹಾಗಂದ, ದಯಾನಂದ ಹೀಗಂದ ಎಂಬ ಮಾತೇ. ಆ ದಯಾನಂದನೋ, ಎಂಜಿನ್ನನ್ನೇ ಎತ್ತಿಡುವಂಥ ಗಟ್ಟಿಗ. ತನ್ನ ಗಾಡಿಯಲ್ಲಿ, ತನ್ನ ಹೆಂಡತಿಯ ಪಕ್ಕ ಅವನು ಕೂತಂತೆ ಕಣ್ಣಿಗೆ ಕಟ್ಟಿ ರುದ್ರಮುನಿ ಅರ್ಧ ಊಟಕ್ಕೇ ತಟ್ಟೆ ಸರಿಸಿಬಿಡುತ್ತಿದ್ದ.

ಕೊನೆಗೊಂದು ದಿನ ತಡೆಯಲಾರದೆ ಕೋಲೂರಿಕೊಂಡು, ಕಾಲೆಳೆಯುತ್ತ ಗ್ಯಾರೇಜಿಗೆ ಹೋದ. ಒಳಗಿನಿಂದ ಇಬ್ಬರ ಮಾತೂ ಕೇಳಿಸಿತು. ಬಾಗಿಲ ಮರೆಯಲ್ಲಿ ನಿಂತು ನೋಡಿದ. ವಿಮಲಾಕ್ಷಿ ಚಪ್ಪಲಿ ಬಿಚ್ಚಿ ಸ್ಟೀರಿಂಗಿನ ಮುಂದೆ ಕೂತಿದ್ದಳು. ದಯಾನಂದ ಅವಳ ಕಾಲ ಬಳಿ ಬಗ್ಗಿ ಪೆಡಲ್ ನೋಡುತ್ತಿದ್ದ.

“ಅಕ್ಕ, ಬ್ರೇಕಿಗೆ ಬೂಸ್ಟರೂ ಹಾಕಿದೀನಿ. ಪೆಡಲ್ ಹೂವಿನ ಹಾಗೆ ಹಗುರ ಆಗಿದೆ. ಇನ್ನೇನ್ ಬೇಕು ನಿಮಗೆ?”

ಅವಳು ಕಾಲ್ಬೆರಳ ತುದಿಯಲ್ಲಷ್ಟೇ ಬ್ರೇಕನ್ನು ಒತ್ತಿ ನೋಡಿ, ತೃಪ್ತಿಯಾಗದೆ ತಲೆಯಾಡಿಸಿದಳು.

“ಇನ್ನೂ ಸ್ವಲ್ಪ ಹಗುರ ಮಾಡಪ್ಪ. ನಮ್ಮನೆಯವ್ರ ಬಲಗಾಲಲ್ಲಿ ಇಷ್ಟೂ ಶಕ್ತಿ ಇಲ್ಲ.”