ನೈಟ್ರೈಡಿನ ಘಾಟು

"ಹೊರಗೆ ನಡೀರಿ! ಎಲ್ಲರೂ!"

ನಿರ್ದೇಶಕರ ಒಂದೇ ಕೂಗಿಗೆ ಪ್ರಯೋಗಾಲಯ ಖಾಲಿಯಾಯಿತು. ಅವರು ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಅಮೋನಿಯಾ ಘಾಟು ಮೂಗಿಗೆ ಬಡಿದಿತ್ತು. ಯುರೇನಿಯಂ ನೈಟ್ರೈಡ್ ಪುಡಿಗೆ ತೇವ ತಗುಲಿದರೆ ಏಳುವುದು ಅದೇ ಘಾಟು. ಮೊಹರು ಮಾಡಿದ ಗಾಜಿನ ಪೆಟ್ಟಿಗೆಯಲ್ಲಿ, ಒಣ ಅನಿಲದೊಳಗೆ, ಹಸುಗೂಸಿನಂತೆ ಕಾಪಾಡಿಕೊಂಡು ಬಂದ ಪುಡಿ. ನಾಳೆ ಅದನ್ನು ನೋಡಲು ದೊಡ್ಡವರು ಬರುವವರಿದ್ದರು, ಫೋಟೋದವರ ಸಮೇತ.

ಪೆಟ್ಟಿಗೆಯ ರಬ್ಬರ್ ಕೈಗವಸನ್ನು ನಿನ್ನೆ ಬದಲಿಸಿದವಳು ಕಿರಿಯ ರಸಾಯನತಜ್ಞೆ. ಅವಳು ಹೊರಡುವ ಮೊದಲು ಮಾಪಕಗಳತ್ತ ಕಣ್ಣು ಹಾಯಿಸಿದಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

"ಸರ್, ತೇವಮಾಪಕದ ಮುಳ್ಳು ಅಲ್ಲಾಡೇ ಇಲ್ಲ. ವಿಕಿರಣದ ಅಲಾರಂ ಕೂಡ ಸುಮ್ಮನಿದೆ."

"ಯಂತ್ರಕ್ಕೇನಮ್ಮ ಗೊತ್ತು? ಈ ಮೂಗು ಇವತ್ತಿಂದಲ್ಲ."

ಆ ಮೂಗಿನ ಬಗ್ಗೆ ಸಂಸ್ಥೆಯಲ್ಲಿ ಯಾರೂ ಚಕಾರ ಎತ್ತುತ್ತಿರಲಿಲ್ಲ. ಘಾಟು ಅವಳಿಗೂ ಬರುತ್ತಿತ್ತು.

ಕಾರಿಡಾರಿನಲ್ಲೂ ಘಾಟು. ಲಿಫ್ಟಿನಲ್ಲಿ ಇನ್ನೂ ಜೋರು. ಜೊತೆಗಿದ್ದ ಸುರಕ್ಷತಾಧಿಕಾರಿ ಕಣ್ಣೊರೆಸಿಕೊಂಡರು. ವಿಕಿರಣ ತಪಾಸಣೆಯ ಯಂತ್ರ ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ತೆಪ್ಪಗಾಯಿತು.

"ಅದೂ ಕೆಟ್ಟಿದೆ" ಎಂದರು ನಿರ್ದೇಶಕರು.

ಅವರ ಕೋಣೆಯ ಕಿಟಕಿಗಳನ್ನೆಲ್ಲ ತೆರೆದರೂ ಘಾಟು ಜಪ್ಪಯ್ಯ ಎನ್ನಲಿಲ್ಲ. ಇಡೀ ಕಟ್ಟಡವೇ ಕೈಬಿಟ್ಟುಹೋಯಿತೆಂದು ಅವರು ತೀರ್ಮಾನಿಸಿದರು. ಅವಳಿಗೆ ಅಳು ಒತ್ತರಿಸಿ ಬಂತು. ಕೈಗವಸಿನ ಬಳೆಯನ್ನು ಬಿಗಿದಿದ್ದಳು, ನಂಬಿಕೆ ಸಾಲದೆ ಮತ್ತೆ ಬಿಗಿದಿದ್ದಳು. ಎಲ್ಲಿ ತಪ್ಪಿತು?

"ಪುಡಿಯನ್ನ ತ್ಯಾಜ್ಯಕ್ಕೆ ಹಾಕ್ಸಿ" ಎಂದು ನಿರ್ದೇಶಕರು ಅಧಿಕಾರಿಗೆ ಹೇಳಿದರು. "ಇವರನ್ನ ಇವತ್ತೇ ಮನೆಗೆ ಕಳಿಸಿ."

"ಸರ್, ಅಪ್ಪನಿಗೆ ನಾನು ಏನಂತ ಹೇಳ್ಲಿ?"

"ಇದ್ದದ್ದನ್ನ ಇದ್ದ ಹಾಗೆ ಹೇಳಮ್ಮ. ಮುಚ್ಚಿಟ್ರೆ ಎಷ್ಟು ದಿನ ಅಂತ ಮುಚ್ಚಿಡ್ತೀಯ?"

ಬೆಳಿಗ್ಗೆ ತಡವಾಗಿ ಬಂದ ನಿರ್ದೇಶಕರು ಪ್ರಯೋಗಾಲಯದ ಬಿಳಿ ಟೋಪಿ ತೊಟ್ಟೇ ಕಾರಿನಿಂದ ಇಳಿದಿದ್ದರು. ಈಗ ಸೆಖೆ ತಾಳದೆ ಅದನ್ನು ಕಿತ್ತು ಮೇಜಿನ ಮೇಲೆ ಒಗೆದರು. ಘಾಟು ಹೊಸದಾಗಿ ಎದ್ದಿತು.

ಅವಳು ಟೋಪಿಯ ಒಳಮೈ ನೋಡಿದಳು. ಆಮೇಲೆ ಅವರ ಹಣೆ ನೋಡಿದಳು. ಅಳು ನಿಂತಿತು.

"ಸರ್, ನೈಟ್ರೈಡಿಗೆ ಏನೂ ಆಗಿಲ್ಲ. ನಿಮ್ಮ ಹೇರ್ ಡೈ ಹಣೆಗೆ ಇಳೀತಾ ಇದೆ."