ಬೆಂಚಿನಡಿಯ ಫೋಟೊ

ಬೆಳಿಗ್ಗೆ ಹನ್ನೊಂದಕ್ಕೆ ಹೊಸಪೇಟೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಉಪನ್ಯಾಸಕಿ ಪಂಪಾವತಿ ಪಾಠ ನಿಲ್ಲಿಸಿ, ಎಲ್ಲರ ಮೊಬೈಲುಗಳನ್ನೂ ಮೇಜಿನ ಮೇಲೆ ಇಡಿಸಿದಳು. ಬೇರೆಯವರ ಫೋಟೊ ಕೇಳದೆ ಹಂಚಬಾರದು ಎಂಬುದೇ ಅಂದಿನ ಪಾಠ. ಅದನ್ನು ಬರೆದುಕೊಳ್ಳುತ್ತಲೇ ಹುಡುಗರು ಬೆಂಚಿನಡಿ ಬ್ಲೂಟೂತ್‌ನಲ್ಲಿ ಒಂದು ಫೋಟೊ ದಾಟಿಸುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗೆ ಸಿಕ್ಕವನ ಹೆಣದ ಫೋಟೊ. ಸತ್ತವನು ಇದೇ ತರಗತಿಯ ಯಮನಮ್ಮನ ಅಣ್ಣ. ಕಾರ್ಯ ಮುಗಿಸಿ ಅವಳು ನಾಳೆ ಕಾಲೇಜಿಗೆ ಬರುವವಳಿದ್ದಳು.

“ಮುಖಾ ಸರಿ ಕಾಣಂಗಿಲ್ರಿ ಮೇಡಂ,” ಎಂದ ಮುಂದಿನ ಬೆಂಚಿನ ಹುಲುಗೇಶ್.

“ಅಣ್ಣನ ಗುರ್ತು ಹಿಡಿಯಾಕ ತಂಗಿಗೆ ಮುಖಾ ಬೇಕೇನೋ? ಡಿಲೀಟ್ ಮಾಡ್ರಿ ಎಲ್ಲಾರೂ, ನನ್ನ ಕಣ್ಮುಂದ!” ಪಂಪಾವತಿ ಒಂದೊಂದೇ ಮೊಬೈಲ್ ತೆರೆದು, ಫೋಟೊ ಹೋಗಿದೆಯೇ ಎಂದು ತಾನೇ ನೋಡಿದಳು.

ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದರು. ವಿಷಯ ತಿಳಿದು, “ನಾಚಿಕಿ ಆಗಂಗಿಲ್ಲೇನ್ರಲೇ ನಿಮಗ?” ಎಂದು ಗದರಿದರು. ಆಮೇಲೆ ಪಂಪಾವತಿಯ ಕಡೆ ಬಾಗಿ ದನಿ ತಗ್ಗಿಸಿದರು. “ಎಲ್ಲಾ ಡಿಲೀಟ್ ಮಾಡಿಸಿಬಿಟ್ರೇನ್ರಿ? ನಾ ಇನ್ನೂ ನೋಡಿದ್ದಿಲ್ಲ.”

“ಐತ್ರಿ ಸರ್,” ಎಂದ ಹುಲುಗೇಶ್. ಅವನು ಕಾಲುಚೀಲದೊಳಗಿಂದ ಎರಡನೇ ಮೊಬೈಲ್ ತೆಗೆದ.

ಪ್ರಿನ್ಸಿಪಾಲರು ತಮ್ಮ ಬ್ಲೂಟೂತ್ ಆನ್ ಮಾಡಿದರು.